ತುಳು ತಿಳಿಯದ ಅಧಿಕಾರಿ

ಕಲಿಯುವವರೇ ಕಲಿಕೆಯನ್ನು ನಡೆಸಬೇಕು ಎಂಬ ಮಾತನ್ನು ನಾನು ಮೊದಲ ಬಾರಿ ಕೇಳಿದ್ದು, ಬಹುಕಾಲ ಕನ್ನಡ ಪಾಠ ಮಾಡಿ ಬಿಟ್ಟುಬಂದ ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ. ನನ್ನ ಕಾಲದಲ್ಲಿ ಅದು ಗ್ರಂಥಾಲಯವಾಗಿತ್ತು. ಕಪಾಟುಗಳನ್ನು ಮೆಟ್ಟಿಲಿನ ಅಡಿಗೆ ಸಾಗಿಸಿ, ಅವುಗಳ ಜಾಗದಲ್ಲಿ ಪರದೆಗಳನ್ನು ಸಾಲಾಗಿ ಜೋಡಿಸಿದ್ದರು. ಆದಕಾರಣ ಹೊಸ್ತಿಲು ದಾಟುವಾಗಲೇ ನನಗೆ ಸಿಟ್ಟಿತ್ತು. ಅದನ್ನು ಮರೆಮಾಚುವ ಅಗತ್ಯ ಅಂದೂ ಕಾಣಲಿಲ್ಲ, ಇಂದೂ ಕಾಣುವುದಿಲ್ಲ.

ನನ್ನ ಸ್ಥಾನಕ್ಕೆ ಬಂದ ಯುವ ಅಧ್ಯಾಪಿಕೆ ನಿವೃತ್ತರನ್ನೂ ಬಿಟ್ಟುಹೋದವರನ್ನೂ ಪ್ರಾತ್ಯಕ್ಷಿಕೆಗೆ ಕರೆದಿದ್ದರು. ಬಂದವನು ನಾನೊಬ್ಬನೇ. ಉಳಿದವರಿಗೆ ಬುದ್ಧಿ ಇತ್ತು ಎಂದುಕೊಂಡೆ. ಪರದೆಯೊಳಗೆ ಒಂದು ಊರಿತ್ತು. ಒಂಬತ್ತನೆಯ ತರಗತಿಯ ಮಕ್ಕಳು ಚೌಕ ಚೌಕದ ತುಂಡುಗಳನ್ನು ಪೇರಿಸಿ ತಾವೇ ಕಟ್ಟಿದ್ದು: ಒಂದು ಹೊಳೆ, ಅದಕ್ಕೊಂದು ಸೇತುವೆ, ಬಸ್ ನಿಲ್ದಾಣ, ಹೋಟೆಲು, ಸೋಡಾ ಅಂಗಡಿ. ಪ್ರತಿಯೊಬ್ಬರಿಗೂ ಅಲ್ಲಿ ಒಂದು ಗೊಂಬೆಯ ದೇಹ. ಕೀಲಿ ಒತ್ತಿದರೆ ಅದು ನಡೆಯುತ್ತದೆ. ಮೈಕಿನಲ್ಲಿ ಮಾತಾಡಿದರೆ ಹತ್ತಿರ ನಿಂತ ಗೊಂಬೆಗಳಿಗೆ ಕೇಳಿಸುತ್ತದೆ.

"ಇಲ್ಲಿ ನಾನು ಏನನ್ನೂ ಕಲಿಸುವುದಿಲ್ಲ ಸರ್," ಎಂದರು ಅಧ್ಯಾಪಿಕೆ, ಅದು ಹೆಮ್ಮೆಯ ಸಂಗತಿಯೆಂಬಂತೆ. "ಯಾವ ಕಟ್ಟಡ ಬೇಕು, ಯಾರು ಏನು ಆಗಬೇಕು, ಎಂತ ಮಾತಾಡಬೇಕು, ಎಲ್ಲ ಅವರದ್ದೇ ತೀರ್ಮಾನ. ಒಂದೇ ನಿಯಮ, ಒಳಗೆ ಕನ್ನಡ ಮಾತ್ರ."

ನಾನು ಕಿವಿಗೊಟ್ಟೆ. ಸೇತುವೆಯ ಮೇಲೆ ತುಳು. ಹೋಟೆಲಿನಲ್ಲಿ ತುಳು. ಬಸ್ ನಿಲ್ದಾಣದಲ್ಲಿ ಇಬ್ಬರು ಕರಾವಳಿಯ ಮುಸ್ಲಿಮರ ಬ್ಯಾರಿ ಭಾಷೆಯಲ್ಲಿ ಯಾರನ್ನೋ ಹೊಳೆಗೆ ತಳ್ಳುವ ಸಂಚು ನಡೆಸಿದ್ದರು.

"ಕನ್ನಡ, ಮಕ್ಕಳೇ, ಕನ್ನಡ!" ಎಂದು ಅಧ್ಯಾಪಿಕೆ ಕೂಗಿದರು. ಒಬ್ಬಳು ಹುಡುಗಿ ಗಂಟಲು ಸರಿಪಡಿಸಿಕೊಂಡು, ಪಕ್ಕದ ಕುರ್ಚಿಯಲ್ಲೇ ಇದ್ದ ಗೆಳತಿಗೆ, "ನಮಸ್ಕಾರ, ತಾವು ಕ್ಷೇಮವೇ?" ಎಂದಳು. ಇಡೀ ಕೋಣೆ ನಕ್ಕು ಉರುಳಿತು. ಮತ್ತೆ ಮೊದಲಿನ ತುಳು.

ನಗುವಿನ ಕಾರಣ ನಮ್ಮ ಸೀಮೆಯವರಿಗೆ ವಿವರಿಸಬೇಕಾಗಿಲ್ಲ; ಹೊರಗಿನವರಿಗಾಗಿ ಬರೆಯುತ್ತೇನೆ. ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಯ ಮಧ್ಯದ ಈ ಊರುಗಳಲ್ಲಿ ಪರಿಚಿತರಿಬ್ಬರು ಪರಸ್ಪರ ಕನ್ನಡದಲ್ಲಿ ಮಾತಾಡುವುದು ಮೂರು ಸಂದರ್ಭಗಳಲ್ಲಿ ಮಾತ್ರ. ಅವರು ವೇದಿಕೆಯ ಮೇಲಿರಬೇಕು, ಇಲ್ಲವೇ ಕಚೇರಿಯಲ್ಲಿರಬೇಕು, ಇಲ್ಲವೇ ಅವರ ನಡುವೆ ಮನಸ್ತಾಪ ಬಂದಿರಬೇಕು. ಅಣ್ಣತಮ್ಮಂದಿರು ಪಾಲಿನ ಜಗಳದಲ್ಲಿ ತುಳು ಬಿಟ್ಟು ಕನ್ನಡಕ್ಕೆ ಬಂದರೆಂದರೆ ಇನ್ನು ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರುವುದಿಲ್ಲ ಎಂದು ಅರ್ಥ. ಕನ್ನಡ ನಮ್ಮಲ್ಲಿ ಅಪರಿಚಿತರಿಗಾಗಿ ಇಸ್ತ್ರಿ ಮಾಡಿಟ್ಟ ಭಾಷೆ. ಅದನ್ನು ಗೆಳತಿಯೊಡನೆ ಆಡಿರೆಂದು ಯಂತ್ರದ ಮುಂದೆ ಕೂರಿಸಿದರೆ ಮಕ್ಕಳು ನಗದೆ ಏನು ಮಾಡಿಯಾರು?

ನನಗೆ ಅಂದು ತೃಪ್ತಿಯಾಯಿತು. ಚಹಾ ಕುಡಿದು, "ಗ್ರಂಥಾಲಯವನ್ನು ಯಥಾಸ್ಥಾನಕ್ಕೆ ತನ್ನಿ," ಎಂದು ಹೇಳಿ ಬಂದೆ. ಅಧ್ಯಾಪಿಕೆ ಪರದೆಗಳತ್ತ ತಿರುಗಿದರು. ಗೇಟಿನವರೆಗೆ ಬರುವ ಸೌಜನ್ಯವನ್ನೂ ತೋರಲಿಲ್ಲ.

ಅದೇ ವಾರ ನೆರೆಮನೆಯ ಅಜ್ಜಿ ನಮ್ಮ ಅಂಗಳಕ್ಕೆ ಬಂದರು. ಸಿದ್ಧಕಟ್ಟೆಯಲ್ಲಿ ನಮ್ಮ ಎರಡು ಮನೆಗಳ ನಡುವೆ ಒಂದು ಕಲ್ಲಿನ ಮೋಟುಗೋಡೆ, ಪಾಗಾರ, ಮಾತ್ರ. ಬ್ಯಾರಿ ಮನೆತನದ ಈ ಅಜ್ಜಿ ಮೀನಿನವನೊಡನೆ, ಬಸ್ಸಿನ ಕಂಡಕ್ಟರನೊಡನೆ, ಪಾಗಾರದ ಆಚೆ ಮೇಯಲು ಬರುವ ದನದ ಯಜಮಾನನೊಡನೆ ನಿರರ್ಗಳವಾದ ತುಳುವಿನಲ್ಲಿ ಜಗಳಾಡುವವರು. ನನ್ನೊಡನೆ ಮಾತ್ರ ಕನ್ನಡ. ಅದೂ ತಲೆಯ ಮೇಲಿನ ಬಟ್ಟೆಯನ್ನು ಸರಿಪಡಿಸಿಕೊಂಡು, ಒಂದೊಂದೇ ಪದವನ್ನು ಆರಿಸಿ.

"ಮಾಷ್ಟ್ರೇ, ದೊಡ್ಡವಳಿಗೆ ಕನ್ನಡ ಕಲಿಸಿ ಕೊಡಬೇಕು. ಇಲ್ಲದಿದ್ರೆ ತಂಗಿಯ ಕ್ಲಾಸಿಗೆ ಹಾಕ್ತಾರಂತೆ."

ಸಂಗತಿ ಹೀಗಿತ್ತು. ಅಜ್ಜಿಯ ಮಗ ಗಲ್ಫಿನಲ್ಲೇ ಉಳಿದು, ಹೆಂಡತಿಯನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ಆ ವರ್ಷ ಊರಿಗೆ ಕಳಿಸಿದ್ದರು. ಕಿರಿಯವಳು ಎಂಟಕ್ಕೆ ಸೇರಿದಳು. ಹಿರಿಯವಳನ್ನು ಒಂಬತ್ತಕ್ಕೆ ಸೇರಿಸಿಕೊಳ್ಳುವಾಗ ಶಾಲೆ ಒಂದು ಷರತ್ತು ಹಾಕಿತು: ದಸರಾ ರಜೆ ಮುಗಿದ ಮೇಲೆ ಮುಖ್ಯೋಪಾಧ್ಯಾಯಿನಿ ಅವಳನ್ನು ಕನ್ನಡದಲ್ಲಿ ಮಾತಾಡಿಸುತ್ತಾರೆ, ಮಾತಾಡಿದರೆ ಒಂಬತ್ತು, ಇಲ್ಲವಾದರೆ ಎಂಟು, ತಂಗಿಯ ಬೆಂಚು. ಶಾಲೆ ನನ್ನ ಹಳೆಯ ಶಾಲೆಯೇ.

ಹುಡುಗಿ ಮರುದಿನ ಸಂಜೆ ತನ್ನ ಮನೆಯ ಜಗಲಿಯಲ್ಲಿ ನನ್ನ ಮುಂದೆ ಕೂತಳು. ಅಜ್ಜಿ ಅಡುಗೆಮನೆಯ ಕಿಟಕಿಯ ಹತ್ತಿರ, ಪ್ರತಿ ಪದ ಕೇಳುವಷ್ಟು ದೂರದಲ್ಲಿ.

"ತಂಗಿಯ ಪಕ್ಕ ಕೂರ್ಲಿಕ್ಕೆ ಹೇಳಿದ್ರೆ ನಾನು ಶಾಲೆಗೇ ಹೋಗುವುದಿಲ್ಲ," ಎಂದು ಅಜ್ಜಿಗೆ ಬ್ಯಾರಿಯಲ್ಲಿ ಮೊದಲೇ ಹೇಳಿಬಿಟ್ಟಿದ್ದಳಂತೆ. ನನಗೆ ಅವಳು ಏನನ್ನೂ ಹೇಳಲಿಲ್ಲ. ನನ್ನೆದುರು ಅವಳು ಬಾಯಿಯನ್ನೇ ತೆರೆಯುತ್ತಿರಲಿಲ್ಲ.

ನಾನು ಕ್ರಮ ತಪ್ಪಿಸುವವನಲ್ಲ. ವರ್ಣಮಾಲೆ, ಒತ್ತಕ್ಷರ, ವಿಭಕ್ತಿ, ಕ್ರಿಯಾಪದದ ಕಾಲಗಳು, ಕೊನೆಗೆ ಉಕ್ತಲೇಖನ. ಹುಡುಗಿ ಚುರುಕು. ಮಳೆ ಹಿಂದೆಗೆಯುವಷ್ಟರಲ್ಲಿ ನಾನು ಹೇಳಿದ ಗದ್ಯಭಾಗವನ್ನು ತಪ್ಪಿಲ್ಲದೆ ಬರೆದಳು, ಕಂಠಪಾಠವನ್ನು ಒಪ್ಪಿಸಿದಳು. ಆದರೆ, "ಇಂದು ಬಸ್ಸಿನಲ್ಲಿ ಯಾರ ಜೊತೆ ಬಂದೆ?" ಎಂದು ಕೇಳಿದರೆ ತಲೆ ತಗ್ಗಿಸುತ್ತಿದ್ದಳು. ಒಂದು ಪದ, ಬಹಳವೆಂದರೆ ಎರಡು. ಅದೇ ಹುಡುಗಿ ನಾನು ಎದ್ದು ಚಪ್ಪಲಿ ಮೆಟ್ಟುವಷ್ಟರಲ್ಲಿ ದಾರಿಯಲ್ಲಿ ಹೋಗುವ ಗೆಳತಿಗೆ ತುಳುವಿನಲ್ಲಿ ಉದ್ದುದ್ದ ಕೂಗಿ ಹೇಳುತ್ತಿದ್ದಳು. ತುಳುವನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ಪುಂಜಾಲಕಟ್ಟೆಯ ಕಡೆಯ ಮಕ್ಕಳೊಡನೆ ಬಸ್ಸಿನಲ್ಲಿ ನಿಂತು ಹೋಗಿಬಂದದ್ದೇ ಅದರ ಪಾಠ. ನನಗೆ ಇದು ಅವಮಾನವೆನಿಸಿತು. ಪುಸ್ತಕ ಹಿಡಿಯದೆ ಕಲಿತ ಭಾಷೆ ಅಷ್ಟು ಬೇಗ ಬರಬಹುದಾದರೆ, ಇಷ್ಟು ಕ್ರಮವಾಗಿ ಬಡಿಸಿದ ಭಾಷೆ ಗಂಟಲಿನಲ್ಲೇ ಏಕೆ ನಿಲ್ಲಬೇಕು?

ರಜೆ ಆರಂಭವಾಗುವ ಮೊದಲಿನ ಶನಿವಾರ ಅವಳು ಪುಸ್ತಕದ ಬದಲು ಟ್ಯಾಬ್ಲೆಟ್ ತಂದು ಕೂತಳು.

"ಸರ್, ಒಂದು ಕೇಳ್ಲಿಕ್ಕೆ ಉಂಟು. ಕ್ಲಾಸಿನವರು ಹೇಳಿ ಕಳಿಸಿದ್ದು."

ಪಾಠದ ಹೊರಗೆ ಅಷ್ಟು ಉದ್ದದ ಕನ್ನಡ ಅವಳ ಬಾಯಿಯಿಂದ ನಾನು ಕೇಳಿದ್ದು ಅದೇ ಮೊದಲು. ಅದೂ ಕಂಠಪಾಠ ಮಾಡಿ ತಂದದ್ದೆಂದು ಮುಖವೇ ಹೇಳುತ್ತಿತ್ತು. ಮುಂದಿನದ್ದು ಅರ್ಧ ಕನ್ನಡ, ಅರ್ಧ ಇಂಗ್ಲಿಷ್. ಅದರ ಸಾರ ಇಷ್ಟು. ಪರದೆಯ ಊರಿನಲ್ಲಿ ಕನ್ನಡ ನಿಲ್ಲುತ್ತಿಲ್ಲವೆಂದು ಅಧ್ಯಾಪಿಕೆ ಅಳುವಷ್ಟಾಗಿದ್ದರು. ಮಕ್ಕಳು ತಾವೇ ಸಭೆ ಸೇರಿ ಕಾರಣ ಹುಡುಕಿದರು. ಊರಿನಲ್ಲಿ ಎಲ್ಲರಿಗೂ ತುಳು ಬರುತ್ತದೆ. ಹಾಗಿರುವಾಗ ಕನ್ನಡ ಯಾರಿಗೆ? ಆದ್ದರಿಂದ ಒಂದು ಕಚೇರಿ ಕಟ್ಟಿ, ಅಲ್ಲಿ ತುಳು ತಿಳಿಯದ ಒಬ್ಬ ಘಟ್ಟದ ಮೇಲಿನ ಅಧಿಕಾರಿಯನ್ನು ಕೂರಿಸಬೇಕೆಂದು ತೀರ್ಮಾನಿಸಿದರು. ಮನೆ, ಅಂಗಡಿ, ದಾರಿ, ಏನು ಕಟ್ಟುವುದಿದ್ದರೂ ಅವನ ಒಪ್ಪಿಗೆ ಬೇಕು. ತಮ್ಮೊಳಗಿನ ಒಬ್ಬನನ್ನು ಕೂರಿಸಿ ನೋಡಿದರಂತೆ. ಎಲ್ಲರೂ ಅವನ ಮುಖ ನೋಡಿ ನಕ್ಕರಂತೆ.

"ಅದಕ್ಕೆ ನೀವು, ಸರ್."

"ನಾನು ಘಟ್ಟದವನಲ್ಲ. ನನ್ನ ಮನೆಮಾತೂ ತುಳುವೇ."

"ಹೌದಾ?" ಅವಳಿಗೆ ನಿಜವಾಗಿ ಆಶ್ಚರ್ಯವಾಯಿತು.

ಕಿಟಕಿಯಿಂದ ಅಜ್ಜಿಯ ಸ್ವರ: "ಬರ್ತದೆ ಮಗಾ, ಅವರಿಗೆ ತುಳು ಬರ್ತದೆ. ಮಾತಾಡುವುದಿಲ್ಲ ಅಷ್ಟೆ. ಈ ಊರಿನಲ್ಲೇ ಹುಟ್ಟಿದವರು. ಆದ್ರೆ ಅವರನ್ನು ಕಂಡ್ರೆ ನಮಗೆ ತುಳು ಬಾಯಿಗೆ ಬರುವುದಿಲ್ಲ."

ಇದನ್ನು ಅಜ್ಜಿ ದೂರೆಂದು ಹೇಳಿದರೋ ಹೊಗಳಿಕೆಯೆಂದು ಹೇಳಿದರೋ ನಾನು ವಿಚಾರಿಸಲಿಲ್ಲ. ಒಂದು ಭಾಷೆಯನ್ನು ಕಲಿಸಲು ನೇಮಕಗೊಂಡವನು ಬೀದಿಯಲ್ಲೂ ಅದನ್ನೇ ಆಡಬೇಕೆಂಬುದು ನನ್ನ ನಿಷ್ಠೆ. ನಾನು ಒಪ್ಪಿಕೊಂಡೆ. ಏಕೆ ಒಪ್ಪಿಕೊಂಡೆನೆಂಬುದನ್ನೂ ಸ್ಪಷ್ಟವಾಗಿ ಹೇಳುತ್ತೇನೆ: ಆ ಆಟವನ್ನು ಒಳಗಿನಿಂದ ಮುಗಿಸಲು. ಎಂಥ ಅಧಿಕಾರಿಯಾಗುತ್ತೇನೆಂದರೆ, ಎರಡು ಶನಿವಾರ ಕಳೆಯುವಷ್ಟರಲ್ಲಿ ಊರು ಬಿಟ್ಟು ಎಲ್ಲರೂ ಪುಸ್ತಕಕ್ಕೆ ಮರಳಬೇಕು.

ಮಕ್ಕಳು ನನ್ನ ಗೊಂಬೆಯನ್ನು ಮೊದಲೇ ಮಾಡಿಟ್ಟಿದ್ದರು. ದಪ್ಪ ಕನ್ನಡಕ, ಕಂಕುಳಲ್ಲಿ ಕೊಡೆ, ಹುಬ್ಬು ಗಂಟು. ಹೋಲಿಕೆಯಲ್ಲಿ ದ್ವೇಷವಿತ್ತು, ಆದರೆ ನಿಖರತೆಯೂ ಇತ್ತು. ಕಚೇರಿಗೆ ನಿಯಮಗಳನ್ನೂ ಅವರೇ ಮಾಡಿದ್ದರು. ತುಳುವಿನಲ್ಲೋ ಬ್ಯಾರಿಯಲ್ಲೋ ಹೇಳಿದ್ದು ಅಧಿಕಾರಿಗೆ ಕೇಳಿಸದು. ಅಧಿಕಾರಿ ನಿರಾಕರಿಸಬಹುದು, ಆದರೆ ಕಾರಣ ಹೇಳದೆ ನಿರಾಕರಿಸುವಂತಿಲ್ಲ. ಕಾರಣ ತಪ್ಪೆಂದು ತೋರಿಸಿದರೆ ಅಧಿಕಾರಿ ಬೇರೆ ಕಾರಣ ಕೊಡಬೇಕು. ಕಾರಣಗಳು ಮುಗಿದರೆ ಸಹಿ ಹಾಕಬೇಕು.

ರಜೆಯ ಮೊದಲ ಶನಿವಾರ ಅವರವರ ಮನೆಗಳಿಂದ, ಅಪ್ಪನದೋ ಅಮ್ಮನದೋ ಮೊಬೈಲಿನಿಂದ, ಗೊಂಬೆಗಳು ಬಂದು ಸಾಲು ನಿಂತವು. ನಾನು ಅಜ್ಜಿಯ ಮನೆಯ ಜಗಲಿಯಲ್ಲಿ ಟ್ಯಾಬ್ಲೆಟ್ ಹಿಡಿದಿದ್ದೆ. ಹುಡುಗಿ ಒಳಕೋಣೆಯಲ್ಲಿ ತಾಯಿಯ ಮೊಬೈಲ್ ಹಿಡಿದು ತನ್ನ ಸರದಿಗೆ ಕಾಯುತ್ತಿದ್ದಳು. ಸೋಡಾ ಅಂಗಡಿಯವನನ್ನು ನಾನು ಮೊದಲ ವಾಕ್ಯವನ್ನೇ ತಿದ್ದಿ ಹಿಂದಕ್ಕೆ ಕಳಿಸಿದೆ. ಬಸ್ಸಿಗೆ ದಾರಿ ಕೇಳಿದವಳನ್ನು, ದಾರಿ ಎಲ್ಲಿಂದ ಎಲ್ಲಿಗೆಂದು ಹೇಳಲು ಬಾರದುದಕ್ಕೆ ಕಳಿಸಿದೆ. ಸಾಲಿನ ಹಿಂದಿನಿಂದ ಯಾರೋ, "ಇದೆಂತ ಮಾರಾಯ, ನಿಜವಾದ ಆಫೀಸಿಗಿಂತ ಕಷ್ಟ!" ಎಂದರು.

"ಗಲಾಟೆ ಮಾಡಿದವರಿಗೆ ಒಂದು ತಿಂಗಳು ಪ್ರವೇಶವಿಲ್ಲ," ಎಂದೆ.

"ಕಾರಣ ಹೇಳಿ ಸಾಹೇಬ್ರೇ! ಕಾರಣ!" ಎಂದು ಸಾಲು ಒಟ್ಟಿಗೆ ಕೂಗಿತು.

ಹುಡುಗಿಯ ಗೊಂಬೆ ಎದುರು ಬಂದು ನಿಂತಿತು. ಅವಳು ಹೊಳೆಯ ಬದಿಯಲ್ಲಿ ಮನೆ ಕಟ್ಟಿದ್ದಳು. ಬಾಗಿಲಿಗೆ ಒಪ್ಪಿಗೆಯಿರಲಿಲ್ಲ, ನಾಲ್ಕೂ ಕಡೆ ಗೋಡೆ. ಒಳಹೋಗಲು ದಿನವೂ ಗೋಡೆ ಹತ್ತಿ ಹಾರುತ್ತಿದ್ದಳು.

"ಸರ್, ಬಾಗಿಲು ಬೇಕು."

"ಬಾಗಿಲನ್ನು ಈ ಕಚೇರಿ ಮಾರುವುದಿಲ್ಲ."

"ಮಾರ್ಲಿಕ್ಕೆ ಅಲ್ಲ. ಇಡ್ಲಿಕ್ಕೆ. ಒಪ್ಪಿಗೆ."

"ಯಾವ ದಿಕ್ಕಿಗೆ?"

"ಹೊಳೆ ಕಡೆಗೆ."

"ಹೊಳೆಯ ಕಡೆಗೆ ಬಾಗಿಲಿಟ್ಟರೆ ಮಳೆಗಾಲದಲ್ಲಿ ನೀರು ಒಳನುಗ್ಗುತ್ತದೆ. ಆಗುವುದಿಲ್ಲ. ಮುಂದಿನವರು ಬನ್ನಿ."

ಗೊಂಬೆ ಕದಲಲಿಲ್ಲ. ಮೈಕಿನಲ್ಲಿ ಉಸಿರು ಕೇಳಿಸುತ್ತಿತ್ತು. ಆಮೇಲೆ, ಪರದೆಯಿಂದಲೂ ಒಳಕೋಣೆಯಿಂದಲೂ ಒಟ್ಟಿಗೆ, "ಸರ್, ಇಲ್ಲಿ ಮಳೆಗಾಲವೇ ಇಲ್ಲ! ನೀವು ನೋಡಿದ್ದೀರಾ ಮಳೆ? ಇಲ್ಲದ ಮಳೆಗೆ ನನ್ನ ಬಾಗಿಲು ಯಾಕೆ ಬಂದ್ ಮಾಡುವುದು?"

ಸಾಲಿನಲ್ಲಿದ್ದವರು ಚಪ್ಪಾಳೆ ಹೊಡೆದರು. ನಾನು ಬೇರೆ ಕಾರಣ ಕೊಟ್ಟೆ: ನೆರೆಮನೆಯವರ ಒಪ್ಪಿಗೆ ತಂದಿಲ್ಲ. ಅವಳು ಅಲ್ಲೇ ಪರದೆಯ ನೆರೆಮನೆಯವಳ ಗೊಂಬೆಯನ್ನು ಎಳೆದು ತಂದಳು. ನಾನು ಇನ್ನೊಂದು ಕಾರಣ ಕೊಟ್ಟೆ. ಆಟವನ್ನು ಕೊಲ್ಲಲು ಹೋದವನು ನಾನು. ಮುಂದಿನ ಶನಿವಾರ ಸಾಲು ಸೇತುವೆಯವರೆಗೆ ಬೆಳೆದಿತ್ತು. ಮನೆ ಕಟ್ಟುವ ಉದ್ದೇಶವೇ ಇಲ್ಲದವರೂ ನನ್ನೊಡನೆ ಜಗಳಾಡುವುದಕ್ಕೆಂದೇ ಬರತೊಡಗಿದರು. ಹಿಂದಿನ ದಿನ ತಾವು ತಾವೇ ವಾದಗಳನ್ನು ಹೊಂದಿಸಿ, ಯಾರು ಯಾವ ಪ್ರಶ್ನೆ ಎಸೆಯಬೇಕೆಂದು ಹಂಚಿಕೊಂಡು ಬರುತ್ತಿದ್ದರು.

ಅಧ್ಯಾಪಿಕೆ ಒಂದು ಸಂಜೆ ಫೋನ್ ಮಾಡಿದರು. "ಸರ್, ನೀವು ಮಕ್ಕಳನ್ನು ಅವಮಾನ ಮಾಡ್ತಾ ಇದ್ದೀರಿ. ಪ್ರತಿ ವಾಕ್ಯ ತಿದ್ದಿದರೆ ಅವರು ಹೆದರಿ ಬಾಯಿ ಮುಚ್ಚುತ್ತಾರೆ."

"ಬಾಯಿ ಮುಚ್ಚಿದ್ದಾರೆಯೇ?"

"ಇಲ್ಲ," ಎಂದರು. "ನಿಮ್ಮನ್ನು ತೆಗೆಯುವ ಅಂತ ಹೇಳಿದೆ. ಅವರೇ ಬೇಡ ಅಂದ್ರು. ಇಷ್ಟು ಕೆಟ್ಟ ಆಫೀಸರ್ ಇನ್ನೆಲ್ಲೂ ಸಿಗ್ಲಿಕ್ಕಿಲ್ಲವಂತೆ."

"ಅವರದ್ದೇ ತೀರ್ಮಾನ ಎಂದು ನೀವೇ ಹೇಳಿದ್ದಿರಲ್ಲ," ಎಂದು ನಾನು ಫೋನ್ ಇಟ್ಟೆ. ನಮ್ಮಿಬ್ಬರ ನಡುವೆ ಇಂದಿಗೂ ಇದಕ್ಕಿಂತ ಉದ್ದದ ಮಾತುಕತೆ ನಡೆದಿಲ್ಲ.

ರಜೆ ಮುಗಿಯಿತು. ಪರೀಕ್ಷೆಯ ಬೆಳಿಗ್ಗೆ ಅಜ್ಜಿಯೂ ಹುಡುಗಿಯೂ ನಾನೂ ಮೂಡಬಿದಿರೆಯ ಬಸ್ಸು ಹಿಡಿದು ಶಾಲೆಯ ಮುಂದೆ ಇಳಿದೆವು. ಅಜ್ಜಿ ಹೊರಗಿನ ಬೆಂಚಿನಲ್ಲಿ ಕೂತರು. ಮುಖ್ಯೋಪಾಧ್ಯಾಯಿನಿ ಹುಡುಗಿಯ ಜೊತೆ ನನ್ನನ್ನೂ ಅಧ್ಯಾಪಿಕೆಯನ್ನೂ ಒಳಗೆ ಕರೆದರು. ಅಧ್ಯಾಪಕರಿಬ್ಬರೂ ಬೇರೆ ಬೇರೆ ಗೋಡೆಗೆ ಅಂಟಿ ಕೂತೆವು. ನಾನು ಆ ಶಾಲೆ ಬಿಡುವಾಗ ಸಂತೋಷಪಟ್ಟವರಲ್ಲಿ ಈ ಮುಖ್ಯೋಪಾಧ್ಯಾಯಿನಿಯೂ ಒಬ್ಬರು. ಆ ಸಂತೋಷ ಇನ್ನೂ ಹಳತಾಗಿರಲಿಲ್ಲ.

"ನಿನ್ನ ಬಗ್ಗೆ ಹೇಳು," ಎಂದರು.

ಹುಡುಗಿ ನಾನು ಬರೆಸಿದ್ದನ್ನು ಒಪ್ಪಿಸಿದಳು. ಶುದ್ಧವಾಗಿತ್ತು. ಮುಖ್ಯೋಪಾಧ್ಯಾಯಿನಿ ಮಧ್ಯದಲ್ಲೇ ಕೈ ಎತ್ತಿದರು.

"ಇದು ಬಾಯಿಪಾಠ. ಮಾಷ್ಟ್ರ ಕನ್ನಡ ನನಗೆ ಗೊತ್ತುಂಟು. ನಿನ್ನದು ಹೇಳು. ರಜೆಯಲ್ಲಿ ಎಂತ ಮಾಡಿದ್ದು?"

ಹುಡುಗಿ ತಲೆ ತಗ್ಗಿಸಿದಳು. ಮತ್ತೊಂದು ಪ್ರಶ್ನೆ, ಮತ್ತೆ ಮೌನ. ಅಧ್ಯಾಪಿಕೆ ನನ್ನನ್ನು ನೋಡಿದ ನೋಟದಲ್ಲಿ ಆರೋಪವಿತ್ತು. ನಾನು ನೋಡಿದ ನೋಟದಲ್ಲಿಯೂ ಅದೇ ಇತ್ತು.

ಮುಖ್ಯೋಪಾಧ್ಯಾಯಿನಿ ಪೆನ್ನಿನ ಮುಚ್ಚಳ ಹಾಕಿದರು. "ಆಗ್ಲಿಕ್ಕಿಲ್ಲ. ಎಂಟರಲ್ಲಿ ಕೂರ್ಲಿ. ತಂಗಿ ಇದ್ದಾಳಲ್ಲ, ಹೋಗಿ ಬರ್ಲಿಕ್ಕೂ ಸುಲಭ."

ಹುಡುಗಿ ತಲೆ ಎತ್ತಿದಳು. ಆ ಮುಖ ನನಗೆ ಹೊಸದು. ಆ ಉಸಿರು ಮಾತ್ರ ಮೈಕಿನಲ್ಲಿ ಕೇಳಿದ್ದೇ.

"ಕಾರಣ ಹೇಳಿ, ಮೇಡಂ."

"ಎಂತದ್ದು?"

"ಯಾಕೆ ಆಗ್ಲಿಕ್ಕಿಲ್ಲ? ಕಾರಣ ಹೇಳದೆ ಕಳಿಸ್ಲಿಕ್ಕೆ ಆಗುವುದಿಲ್ಲ."

"ನಿನಗೆ ಕನ್ನಡ ಮಾತಾಡ್ಲಿಕ್ಕೆ ಬರುವುದಿಲ್ಲ. ಅದೇ ಕಾರಣ."

"ಈಗ ನಾನು ಮಾತಾಡುವುದು ಯಾವ ಭಾಷೆ?"

ಮುಖ್ಯೋಪಾಧ್ಯಾಯಿನಿ ಕುರ್ಚಿಗೆ ಒರಗಿದರು. "ನಾಲ್ಕು ಮಾತು ಎದುರು ಆಡಿದ್ರೆ ಅದು ಭಾಷೆ ಬಂದ ಹಾಗಲ್ಲ. ತರಗತಿಯಲ್ಲಿ ಪಾಠ ಅರ್ಥ ಆಗಬೇಕು."

"ಅರ್ಥ ಆಗ್ತದೆ. ಆಗದಿದ್ರೆ ಕೇಳ್ತೇನೆ. ನೀವು ರಜೆಯಲ್ಲಿ ಎಂತ ಮಾಡಿದ್ದು ಕೇಳಿದ್ರಿ. ನಾನು ಮನೆ ಕಟ್ಟಿದ್ದು. ಬಾಗಿಲು ಇನ್ನೂ ಸಿಗಲಿಲ್ಲ, ಅದು ಬೇರೆ ವಿಷಯ. ತಂಗಿಗೆ ಗಣಿತ ನಾನು ಹೇಳಿಕೊಡುವುದು ಮೇಡಂ. ನಾಳೆ ಅವಳ ಬೆಂಚಲ್ಲಿ ನಾನು ಕೂತ್ರೆ ಮನೆಯಲ್ಲಿ ಅವಳು ನನ್ನ ಮಾತು ಕೇಳ್ತಾಳಾ? ನಿಮ್ಮ ಅಕ್ಕನನ್ನು ಯಾರಾದ್ರೂ ನಿಮ್ಮ ಪಕ್ಕ ಕೂರ್ಸಿದ್ರೆ ನೀವು ಕೇಳ್ತಿದ್ರಾ?"

ಕಣ್ಣು ತುಂಬಿತ್ತು, ಆದರೆ ಮಾತು ನಿಲ್ಲಲಿಲ್ಲ. ಇನ್ನೊಂದು ಕಾರಣ ಬಂದರೆ ಅದಕ್ಕೂ ಉತ್ತರ ಸಿದ್ಧವಿದೆಯೆಂಬಂತೆ ಮೇಜಿನ ಅಂಚನ್ನು ಹಿಡಿದು ನಿಂತಿದ್ದಳು.

ಮುಖ್ಯೋಪಾಧ್ಯಾಯಿನಿ ನನ್ನ ಕಡೆ ತಿರುಗಿದರು. "ಇದನ್ನು ನೀವು ಕಲಿಸಿದ್ದಾ?"

"ಇಲ್ಲ," ಎಂದೆ. "ನಾನು ಕಲಿಸಿದ್ದನ್ನು ನೀವು ಮಧ್ಯದಲ್ಲೇ ನಿಲ್ಲಿಸಿದಿರಿ."

"ನೀವಾ?" ಎಂದು ಅಧ್ಯಾಪಿಕೆಯನ್ನು ಕೇಳಿದರು. ಅವರೂ ಇಲ್ಲವೆಂದು ತಲೆಯಾಡಿಸಿದರು.

"ಮತ್ತೆ ಯಾರು?"

"ನಾವೇ ಮೇಡಂ, ಕ್ಲಾಸಿನವರು," ಎಂದಳು ಹುಡುಗಿ. ಕಣ್ಣೊರೆಸಿಕೊಂಡು ಸೇರಿಸಿದಳು, "ಸರ್ ಸುಮ್ಮನೆ ಇಲ್ಲ ಇಲ್ಲ ಅಂತ ಹೇಳುವುದು ಅಷ್ಟೆ."

ಮುಖ್ಯೋಪಾಧ್ಯಾಯಿನಿ ಮುಚ್ಚಳ ತೆಗೆದು ಸಹಿ ಹಾಕಿದರು. "ಒಂಬತ್ತರಲ್ಲೇ ಇರು. ಆದ್ರೆ ಬಾಯಿ ಸ್ವಲ್ಪ ಜಾಸ್ತಿ ಆಯ್ತು." ಹಾಗೆನ್ನುವಾಗಲೂ ಅವರು ನನ್ನನ್ನೇ ನೋಡುತ್ತಿದ್ದರು.

ಪರದೆಯ ಊರಿನ ಬಗ್ಗೆ ನನ್ನ ಅಭಿಪ್ರಾಯ ಇದರಿಂದ ಬದಲಾಗಲಿಲ್ಲ. ಗೋಡೆಗಳು ಕುರೂಪ, ಹೊಳೆಯಲ್ಲಿ ನೀರು ಹರಿಯುವುದಿಲ್ಲ, ಕಪಾಟುಗಳು ಇನ್ನೂ ಮೆಟ್ಟಿಲಿನ ಅಡಿಯಲ್ಲಿವೆ. ಹುಡುಗಿಯ ಬಾಯಿ ತೆರೆಸಿದ್ದು ಯಂತ್ರವೆಂದು ಅಧ್ಯಾಪಿಕೆ ಎಲ್ಲ ಕಡೆ ಹೇಳುತ್ತಿದ್ದಾರೆಂದು ಕೇಳಿದ್ದೇನೆ. ಯಂತ್ರವಲ್ಲ. ದಾರಿಗೆ ಅಡ್ಡ ಕೂತ ಒಬ್ಬ ಮನುಷ್ಯ ಅವಳಿಗೆ ಬೇಕಾಗಿದ್ದ. ಅಂಥವನನ್ನು ಮಕ್ಕಳು ಹುಡುಕಿಕೊಂಡರು. ನಾವು ಇಬ್ಬರು ಅಧ್ಯಾಪಕರು ಹುಡುಕಿಕೊಡಲಿಲ್ಲ. ಇಷ್ಟನ್ನು ಮಾತ್ರ ಒಪ್ಪುತ್ತೇನೆ, ಅದೂ ಇಲ್ಲಿ ಬರಹದಲ್ಲಿ.

ಮರು ಶನಿವಾರ ಅಜ್ಜಿಯ ಮನೆಯ ಜಗಲಿಯಲ್ಲಿ ಟ್ಯಾಬ್ಲೆಟ್ ತೆರೆದು ಕಚೇರಿಯಲ್ಲಿ ಕೂತೆ. ಸಾಲಿನ ಮೊದಲಲ್ಲಿ ಅವಳದೇ ಗೊಂಬೆ.

"ಸರ್, ಒಂಬತ್ತರಲ್ಲಿ ಉಳಿದೆ. ಈಗಾದ್ರೂ ಬಾಗಿಲು ಕೊಡಿ."

"ಅದು ಆ ಕಚೇರಿಯ ತೀರ್ಮಾನ. ಇದು ಬೇರೆ ಕಚೇರಿ. ಆಗುವುದಿಲ್ಲ."

ಕೊಡಬಹುದಿತ್ತು. ಆದರೆ ಬಾಗಿಲು ಸಿಕ್ಕ ದಿನ ಅವಳು ನನ್ನೆದುರು ನಿಲ್ಲಬೇಕಾದ ಅಗತ್ಯ ಮುಗಿಯುತ್ತದೆ. ಹತ್ತನೆಯ ತರಗತಿ ಇನ್ನೂ ಮುಂದಿದೆ.

ಅಡುಗೆಮನೆಯಲ್ಲಿ ಪಾತ್ರೆ ಇಟ್ಟ ಸದ್ದಾಯಿತು. ಅಜ್ಜಿ ಒದ್ದೆ ಕೈಯಲ್ಲೇ ಜಗಲಿಗೆ ಬಂದರು. ತಲೆಯ ಬಟ್ಟೆ ಜಾರಿತ್ತು. ಅದನ್ನು ಸರಿಪಡಿಸಿಕೊಳ್ಳಲಿಲ್ಲ, ಪದಗಳನ್ನು ಆರಿಸಲಿಲ್ಲ.

"ಈರ್ ಎಂಚಿನ ಮಾಷ್ಟ್ರು ಮಾರಾಯ್ರೆ!" ಎಂದು, ನೀವೆಂಥ ಮಾಷ್ಟ್ರೆಂದು ಆರಂಭಿಸಿ, ಮೀನಿನವನಿಗೆ ಹೇಳುವ ಅದೇ ಸ್ವರದಲ್ಲಿ, ಅದೇ ತುಳುವಿನಲ್ಲಿ, ಮಗು ಎಷ್ಟು ಸಲ ಗೋಡೆ ಹಾರಬೇಕು, ಇಲ್ಲದ ಮನೆಗೆ ಇಲ್ಲದ ಒಂದು ಬಾಗಿಲು ಕೊಟ್ಟರೆ ನಿಮ್ಮ ಗಂಟು ಏನು ಹೋಗುತ್ತದೆ ಎಂದು ಬೈದರು. ಇಷ್ಟು ಕಾಲ ಪಾಗಾರದ ಆಚೀಚೆ ಬದುಕಿದ್ದೇವೆ. ಅಜ್ಜಿಯ ತುಳು ನನ್ನ ಕಡೆಗೆ ತಿರುಗಿದ್ದು ಅದೇ ಮೊದಲು.

ಉತ್ತರ ನನ್ನ ನಾಲಿಗೆಯ ತುದಿಯವರೆಗೆ ತುಳುವಿನಲ್ಲೇ ಬಂತು. ಆದರೆ ಮೈಕ್ ತೆರೆದಿತ್ತು, ಸಾಲಿನಲ್ಲಿ ಮಕ್ಕಳಿದ್ದರು, ನಾನು ಘಟ್ಟದ ಮೇಲಿನವನಾಗಿದ್ದೆ.

"ಅರ್ಜಿದಾರರಲ್ಲದವರು ಕಚೇರಿಯೊಳಗೆ ಮಾತಾಡಬಾರದು," ಎಂದೆ ಕನ್ನಡದಲ್ಲಿ.

ಅಜ್ಜಿ ಹಣೆ ಬಡಿದುಕೊಂಡು ಒಳಗೆ ಹೋದರು. ಪರದೆಯಲ್ಲಿ ಹುಡುಗಿಯ ಗೊಂಬೆ ಒಂದು ಹೆಜ್ಜೆ ಮುಂದೆ ಬಂತು.

"ಸರ್," ಎಂದಳು, "ಕಾರಣ ಹೇಳಿ."